ಪ್ಲೇಟು ಹಾಕಿದ ಮಧ್ಯಾಹ್ನ

ಹಲ್ಲಿಗೆ ಹಾಕುವ ಗುಲಾಬಿ ಬಣ್ಣದ ಪುಟ್ಟ ಪ್ಲೇಟು, ಮುಂದೆ ಕಮಾನಿನಂತೆ ಬಾಗಿದ ಒಂದು ತೆಳು ತಂತಿ. ಮೊನ್ನೆ ಬೀರು ಒರೆಸುವಾಗ ಡಬ್ಬಿಯಲ್ಲಿ ಸಿಕ್ಕಿತು. ಮೂಸಿದರೆ ಈಗಲೂ ಪೇಸ್ಟಿನ ವಾಸನೆ.

ನನಗಾಗ ಎಂಟು ವರ್ಷ. ಮುಂದಿನ ಹಲ್ಲುಗಳು ಉಬ್ಬಿದ್ದವು. ಈಗಲೇ ಸರಿಮಾಡಿದರೆ ಸುಲಭ ಎಂದು ಬಸವೇಶ್ವರನಗರದ ಡಾಕ್ಟರು ಅಂದು ಬೆಳಿಗ್ಗೆ ಪ್ಲೇಟು ಹಾಕಿ ಕಳಿಸಿದ್ದರು. ಊಟ ಮಾಡುವಾಗ, ಹಲ್ಲುಜ್ಜುವಾಗ ಬಿಟ್ಟರೆ ಅದನ್ನು ತೆಗೆಯುವಂತಿರಲಿಲ್ಲ. ಮರುದಿನವೇ ಶಾಲೆಯ ಪ್ರಾರ್ಥನೆಯಲ್ಲಿ ವಾರ್ತೆ ಓದುವ ಸರದಿ ನನ್ನದು. ಅಂದು ಮಧ್ಯಾಹ್ನ ಮನೆಯಲ್ಲಿ ಓದಿ ನೋಡಿದರೆ ಮಾತೆಲ್ಲ ತೊದಲು, ಬಾಯಿ ತುಂಬ ಜೊಲ್ಲು.

"ನಾಳೆ ಒಂದಿನ ತೆಗೆದಿಡ್ಲಿ ಬಿಡಿ ಅತ್ತೆ, ಮಕ್ಕಳು ನಗ್ತಾರೆ," ಎಂದಳು ಅಮ್ಮ.

ಅಜ್ಜಿ ಲೋಟದ ನೀರಿನಲ್ಲಿದ್ದ ತಮ್ಮ ಹಲ್ಲುಸೆಟ್ಟನ್ನು ತೆಗೆದು ಹಾಕಿಕೊಂಡು ನನ್ನತ್ತ ತಿರುಗಿದರು.

"ಹೊಸದ್ರಲ್ಲಿ ಇದೂ ನನ್ನನ್ನ ಹಿಂಗೇ ಕಾಡ್ತು ಕಣೇ. ದಿನಾ ಮಗ್ಗಿ ಹೇಳಿ ಹೇಳಿ ನಾಲಿಗೆ ಪಳಗಿಸ್ಕೊಂಡೆ. ಕೂತ್ಕೋ, ಹದಿನೇಳರ ಮಗ್ಗಿ ಹೇಳು."

ಹೇಳಿದೆ. ಅರ್ಧದಲ್ಲೇ ತಪ್ಪಿದೆ.

"ನಿನ್ನ ಹಲ್ಲಿಗಿಂತ ಲೆಕ್ಕಾನೇ ಸೊಟ್ಟ ಇದೆಯಲ್ಲೇ!" ಎಂದು ನಕ್ಕರು. ಆದರೆ ಏಳಲು ಬಿಡಲಿಲ್ಲ. ಪ್ಲೇಟಿನ ಅಂಚು ಒತ್ತಿ ಅಂಗುಳು ಉರಿಯುತ್ತಿತ್ತು. ಸಂಜೆ ಕಾಫಿಯ ಹೊತ್ತಿಗೆ ಹತ್ತೊಂಬತ್ತರ ಮಗ್ಗಿ ಮುಗಿಸಿದ್ದೆವು.

"ತೆಗೆದಿಡ್ತೀಯೇನೇ ನಾಳೆ?" ಅಮ್ಮ ಕೇಳಿದಳು. ನಾನು ಅಜ್ಜಿಯ ಮುಖ ನೋಡಿದೆ. ಅವರು ಕಾಫಿ ಕುಡಿಯುತ್ತಿದ್ದರು.

"ಇಲ್ಲ," ಎಂದೆ.

ಮರುದಿನ ಬೆಳಿಗ್ಗೆ ಪ್ಲೇಟು ಹಾಕಿಕೊಂಡೇ ಮೈಕಿನ ಮುಂದೆ ನಿಂತೆ. ಎರಡನೆಯ ವಾಕ್ಯದಲ್ಲಿ ನಾಲಿಗೆ ತೊಡರಿತು, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಜೊಲ್ಲು ನುಂಗಿಕೊಂಡು ಆ ವಾಕ್ಯವನ್ನು ಮೊದಲಿನಿಂದ ಓದಿದೆ.