ಪೂರ್ತಿ ಜಮಾ

ಸಂಜೆ ಕೆಲಸ ಮುಗಿಸಿದ ಚಂಪಕಾ ಎಂದಿನಂತೆ ಗೇಟಿನ ಯಂತ್ರಕ್ಕೆ ಹಣೆಯಿಟ್ಟು, ತನಗೆ ಗೊತ್ತಿದ್ದ ಕೈಭಾಷೆಯನ್ನೆಲ್ಲ ಕಂಪನಿಗೆ ಜಮಾ ಮಾಡಿದಳು. ಕಿವುಡರ ಕೈಮಾತನ್ನು ಕೋರ್ಟು ಕಚೇರಿಗಳಲ್ಲಿ ಕನ್ನಡಕ್ಕೆ ತಿರುಗಿಸುವುದು ಅವಳ ಕೆಲಸ. ಕೆಲಸಕ್ಕೆ ಬೇಕಾದ ವಿದ್ಯೆ ಕೆಲಸ ಕೊಟ್ಟವರದ್ದು. ಅದನ್ನು ಮನೆಗೆ ಒಯ್ಯುವಂತಿಲ್ಲ. ಅದನ್ನು ಅವಳಿಗೆ ಕಲಿಸಿದ್ದು ಕಿವಿ ಕೇಳದ, ಅಕ್ಷರ ಬಾರದ ಅವಳ ತಾಯಿ. ಒಪ್ಪಂದಕ್ಕೆ ಅದೆಲ್ಲ ಬೇಕಿಲ್ಲ.

ಹೊರಗೆ ತಾಯಿಯೇ ನಿಂತಿದ್ದಳು. ಅಪ್ಪ ಮಲಗಿದ್ದ ಆಸ್ಪತ್ರೆಯಿಂದ ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. ಅವಳ ಕೈಗಳು ಗಾಳಿಯಲ್ಲಿ ಏನೇನೋ ಹೇಳತೊಡಗಿದವು. ಚಂಪಕಾ ಪ್ರತಿ ಸಂಜೆ ಮನೆಯಲ್ಲಿ ಮಾಡುವಂತೆಯೇ ನಕ್ಕು ತಲೆಯಾಡಿಸಿದಳು.

ತಾಯಿಯ ಕೈಗಳು ತಟ್ಟನೆ ನಿಂತವು.

ಚಂಪಕಾಳ ನಗು ಆರಿತು. ಕಾವಲುಗಾರನತ್ತ ತಿರುಗಿ, "ಲಿಂಗರಾಜಣ್ಣ, ಒಂದೇ ನಿಮಿಷ ವಾಪಸ್ ಕೊಡಿಸಿ. ಅಮ್ಮ ಏನೋ ಹೇಳ್ತಿದಾಳೆ," ಎಂದು ಬೇಡಿಕೊಂಡಳು.

"ಇನ್ನು ಬೆಳಿಗ್ಗೇನೇ ತೆಗೆಯೋದು, ಮೇಡಂ."

ತಾಯಿ ಮಗಳ ಮುಖವನ್ನು ತನ್ನತ್ತ ತಿರುಗಿಸಿಕೊಂಡು, ತನ್ನ ಹಣೆಯ ಕುಂಕುಮವನ್ನು ಅಂಗೈಯಿಂದ ಒರೆಸಿಬಿಟ್ಟಳು.

"ಅಪ್ಪಾ!" ಎಂದು ಚೀರುತ್ತ ಚಂಪಕಾ ನೆಲಕ್ಕೆ ಕುಸಿದಳು.

ಲಿಂಗರಾಜು ಬಂದು ಅವಳ ರಟ್ಟೆ ಹಿಡಿದೆತ್ತಿದ. "ಅರ್ಥ ಆಯ್ತಾ? ಹಂಗಾದ್ರೆ ನೀವು ಪೂರ್ತಿ ಜಮಾ ಮಾಡಿಲ್ಲ, ಮೇಡಂ. ಒಳಗೆ ನಡೀರಿ."