ದೀಪ ದೊಡ್ಡದು ಮಾಡ್ರಿ

"ಅಮ್ಮಾ, ಮೊದ್ಲು ಆ ದೀಪ ದೊಡ್ಡದು ಮಾಡ್ರಿ," ಅಂದಳು ಗುರುದೇವಿ. ದೇವರ ಗೂಡಿನ ದೀಪಕ್ಕೂ ಹಳೇ ಪೇಪರ್ ಕಟ್ಟಿಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಸಾಮಾನು ತುಂಬಿ ಉಸಿರುಗಟ್ಟಿದ ರಾಜಾಜಿನಗರದ ಈ ಮನೆಯ ಅಪಾಯ ಅಳೆಯಲು ಆರೋಗ್ಯ ಕಾರ್ಯಕರ್ತೆಯಾಗಿ ಅವಳು ಬಂದಿದ್ದು ಇದು ನಾಲ್ಕನೇ ಸಲ. ಅದೇ ಫಾರಂ, ಅದೇ ಕಟ್ಟು, 'ಬೆಂಕಿ' ಅನ್ನುವ ಸಾಲಿನ ಮುಂದೆ ಅದೇ ಟಿಕ್ಕು. ಕಾಲು ಸೋತಿತ್ತು. ಕೂರೋಣವೆಂದರೆ ಕುರ್ಚಿಯ ಮೇಲೂ ಪೇಪರ್.

ಮನೆಯೊಡತಿ ಕೋಕಿಲಮ್ಮ ತಿರುಗಿ ನೋಡಿದರು. "ಏನಂದೆ?"

"ದೊಡ್ಡದು ಮಾಡ್ರಿ ಅಂದೆ." ಹೇಳಿದ ಮೇಲೆ ಗುರುದೇವಿಗೆ ತನ್ನ ಎಡವಟ್ಟು ಹೊಳೆಯಿತು. ದೀಪ ಆರಿಸು ಅನ್ನುವುದು ಅಶುಭ ಅಂತ ಬಾಗಲಕೋಟೆಯ ಅವಳ ಅವ್ವ ಆರಿಸುವುದಕ್ಕೂ ದೊಡ್ಡದು ಮಾಡು ಅಂತಲೇ ಅನ್ನುತ್ತಿದ್ದಳು. ಕೋಕಿಲಮ್ಮ ಅದನ್ನು ಅಕ್ಷರಶಃ ಕೇಳಿಸಿಕೊಂಡಿದ್ದರು.

"ಇಷ್ಟು ವರ್ಷ ಬಂದೋರೆಲ್ಲ ತೆಗೀರಿ, ಎಸೀರಿ, ಆರ್ಸಿ ಅಂದೋರೇ," ಅಂದರು. "ದೊಡ್ಡದು ಮಾಡಿ ಅಂದಿದ್ದು ನೀನೊಬ್ಳೇ ಕಣಮ್ಮ." ಬತ್ತಿ ಮುಂದಕ್ಕೆಳೆಯಲು ಚಾಚಿದ ಕೈ ಅಲ್ಲೇ ನಿಂತಿತು. "ಅಯ್ಯೋ, ಈ ಕಟ್ಟು ಹತ್ಕೊಂಡುಬಿಡತ್ತೆ. ಬಾ, ಒಂದು ಕೈ ಹಿಡಿ."

ಇಬ್ಬರೂ ಸೇರಿ ಕಟ್ಟನ್ನು ಎಳೆದು ಬಾಗಿಲಾಚೆ ಇಟ್ಟರು. ಅದಿದ್ದ ಜಾಗದಲ್ಲಿ ಕೆಂಪು ಗಾರೆ ನೆಲ ಹೊಸದರ ಹಾಗೇ ಇತ್ತು. ಕೋಕಿಲಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿದರು.

ಗುರುದೇವಿ ಮಾತು ತಿದ್ದಲಿಲ್ಲ. ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

"ಇನ್ನೂ ಸ್ವಲ್ಪ ದೊಡ್ಡದು ಮಾಡೂದಿದ್ರ," ಅಂದಳು, "ಪಕ್ಕದ್ದೂ ತೆಗೀಬೇಕಾಗ್ತದ್ರಿ ಅಮ್ಮಾ."