ಹನ್ನೊಂದು ವಿಷಾದಪತ್ರಗಳು

ಟಕ್. ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ, ಟಕ್.

"ಅಕ್ಕಾ, ಇಲೀನಾ?" ಪಕ್ಕದ ಕೋಣೆಯಿಂದ ತಂಗಿ ಲಾಸ್ಮಿ ಕೇಳಿದಳು.

"ಅಲ್ವೇ, ಬರೀತಿದೀನಿ. ನೀನು ಮಲಕ್ಕೋ."

"ಇಷ್ಟೊತ್ತಲ್ಲಿ, ಆ ಹಳೇ ಟೈಪ್‌ರೈಟರ್‌ನಲ್ಲಾ? ಕಂಪ್ಯೂಟರಿಗೇನು ಜ್ವರ ಬಂತಾ?"

ಪಾಲುಪಿ ಯಂತ್ರದ ಅಡಿಗೆ ಟವೆಲ್ ಮಡಿಸಿಟ್ಟು ಒಂದೇ ಬೆರಳಿನಲ್ಲಿ ಮುಂದುವರಿಸಿದಳು: ‘ತಮ್ಮ ಕಥೆಯನ್ನು ಪ್ರಕಟಿಸಲಾಗುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ.’ ಕಾಗದದ ತಲೆಯಲ್ಲಿ ನಲವತ್ತು ವರ್ಷ ಹಿಂದಿನ ತಾರೀಖು.

ಜೋಗ್ಜಾ ನಗರದಲ್ಲಿ ಪಾಲುಪಿಯ ಕಾದಂಬರಿಗಳನ್ನು ಓದದವರಿದ್ದರು. ಆಕೆಯ ಹನ್ನೊಂದು ವಿಷಾದಪತ್ರಗಳ ಬಗ್ಗೆ ಕೇಳದವರಿರಲಿಲ್ಲ. ಯಾವ ವೇದಿಕೆಯಿಂದಲೂ ಅದನ್ನು ಹೇಳದೆ ಇಳಿದವಳಲ್ಲ. "ಅತ್ತುಬಿಟ್ಟೆ. ಬರೆದೆ. ಮತ್ತೆ ಕಳಿಸಿದೆ" ಎಂದಾಗ ಕಾಲೇಜು ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

ನಿಜವೆಂದರೆ, ಆಕೆಯ ಮೊದಲ ಕಥೆಯೇ ಅಚ್ಚಾಗಿತ್ತು. ಸಂಪಾದಕ ಸೋದರಮಾವ. ಅದೂ ಅಲ್ಲದೆ, ಆಗಿನ ಪತ್ರಿಕೆಗಳು ಯಾರಿಗೂ ಬೇಡವೆಂದು ಬರೆಯುತ್ತಲೇ ಇರಲಿಲ್ಲ. ಮುಖಕ್ಕೆ ಹೊಡೆದಂತೆ ‘ಇಲ್ಲ’ ಎನ್ನುವುದು ಇಲ್ಲಿನವರ ಜಾಯಮಾನವಲ್ಲ. ಸುಮ್ಮನಿದ್ದುಬಿಡುತ್ತಿದ್ದರು, ಬರೆದವರು ತಾವೇ ಅರ್ಥ ಮಾಡಿಕೊಳ್ಳುತ್ತಿದ್ದರು.

ಈಗ ನಗರದ ಕಲಾಭವನವೊಂದು ‘ಬೇಡವೆನಿಸಿಕೊಂಡವರು’ ಎಂಬ ಪ್ರದರ್ಶನ ಏರ್ಪಡಿಸಿತ್ತು. ಪಾಲುಪಿಯೂ ಸೇರಿ ಐವರು ಹಿರಿಯ ಸಾಹಿತಿಗಳು, ಅವರಿಗೆ ಬಂದ ಅಸಲಿ ಪತ್ರಗಳು. ಕೊಡದಿದ್ದರೆ ಯಾಕೆಂದು ಕೇಳುತ್ತಾರೆ. ಕೇಳುತ್ತ ಹೋದರೆ ಸೋದರಮಾವನ ತನಕ ಹೋಗುತ್ತದೆ.

ಟೈಪ್‌ರೈಟರ್ ಸಿಕ್ಕಿದ್ದು ಗುಜರಿ ಅಂಗಡಿಯ ಮುದುಕ ಗಿಮನ್ ಬಳಿ. ಏನೂ ಕೇಳದೆ, ಹಳದಿಗಟ್ಟಿದ ಕಾಗದದ ಕಟ್ಟೊಂದನ್ನೂ ಅವನೇ ಜೊತೆಗಿಟ್ಟ.

"ಮಾರೋದಿಲ್ಲಮ್ಮ, ಬಾಡಿಗೆ ಮಾತ್ರ. ಗುರುವಾರ ವಾಪಸ್ ಬೇಕು."

"ಈ ಮುದಿ ಯಂತ್ರಕ್ಕೂ ಗಿರಾಕಿ ಇದಾರಾ?"

"ಈ ತಿಂಗಳು ಇದಕ್ಕೆ ಪುರುಸೊತ್ತೇ ಇಲ್ಲ ನೋಡಿ."

ಸಿನಿಮಾದವರಿರಬೇಕು ಎಂದುಕೊಂಡಳು.

ಹನ್ನೊಂದನೆಯ ಪತ್ರ ಮುಗಿಸಿ ಎಲ್ಲವನ್ನೂ ಹಾಸಿಗೆಯ ಮೇಲೆ ಸಾಲಾಗಿ ಹರಡಿದಾಗಲೇ ಅದು ಕಣ್ಣಿಗೆ ಬಿದ್ದದ್ದು. ಬೇರೆ ಬೇರೆ ಊರು, ಬೇರೆ ಬೇರೆ ಪತ್ರಿಕೆ. ಆದರೆ ಎಲ್ಲದರಲ್ಲೂ ರೋಮನ್ ಲಿಪಿಯ ‘ಜಿ’ ಅಕ್ಷರದ ಬಾಲ ಮುರಿದಿತ್ತು. ತಿದ್ದಲು ಸಮಯವಿರಲಿಲ್ಲ. ಬೆಳಿಗ್ಗೆ ಕಲಾಭವನದವರು ಬಂದರು. ಲಾಸ್ಮಿ ಅವರಿಗೆ ಚಹಾ ಕೊಟ್ಟು, "ಹುಷಾರಾಗಿ ಹಿಡ್ಕೊಳ್ಳಿ, ಇಂಕು ಇನ್ನೂ..." ಎಂದವಳು ಅಕ್ಕನ ಮುಖ ನೋಡಿ ಬಾಯಿ ಮುಚ್ಚಿದಳು.

ಉದ್ಘಾಟನೆಯ ದಿನ ಪಾಲುಪಿ ತನ್ನ ಗಾಜಿನ ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಜನ ನೋಡಿದರು, ನಿಟ್ಟುಸಿರಿಟ್ಟರು, ಮುಂದೆ ಹೋದರು. ಆಮೇಲೆ ಬಸ್ಕೋರೊ ಬಂದ. ಕವಿ, ವಿಮರ್ಶಕ, ಬೇರೆಯವರ ಕವಿತೆಯಿಂದ ಎರಡು ಸಾಲು ಕದ್ದ ಹುಡುಗನೊಬ್ಬನನ್ನು ಪತ್ರಿಕೆಯಲ್ಲಿ ಬೆತ್ತಲೆ ಮಾಡಿದವನು. ಇಂದು ಅವನ ಪತ್ರಗಳೂ ಪಕ್ಕದ ಪೆಟ್ಟಿಗೆಯಲ್ಲಿದ್ದವು. ಅವನು ಕನ್ನಡಕ ಮೇಲೇರಿಸಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ.

"ಪಾಲುಪಿಯವರೇ, ಜಕಾರ್ತದ್ದೂ ಸುರಬಾಯದ್ದೂ ಒಂದೇ ಥರ ಇದೆಯಲ್ಲ?"

"ವಿಷಾದ ಎಲ್ಲಾ ಊರಲ್ಲೂ ಒಂದೇ ಥರ ಅಲ್ವಾ?"

ಅವನು ಮತ್ತೆ ಬಗ್ಗಿದ. ಬೆರಳು ಗಾಜಿನ ಮೇಲೆ ಒಂದು ಕಡೆ ನಿಂತಿತು. ಮುಗಿಯಿತು, ನಾಳೆ ಪೇಪರಿನಲ್ಲಿ ನಾನೂ ನನ್ನ ಸೋದರಮಾವನೂ, ಎಂದುಕೊಂಡಳು. ಬಸ್ಕೋರೊ ನೆಟ್ಟಗಾದ. ಮುಖ ಬಿಳಿಚಿಕೊಂಡಿತ್ತು.

"ತುಂಬಾ ನೋವಿನ ಪತ್ರಗಳು," ಎಂದ ತಗ್ಗಿದ ದನಿಯಲ್ಲಿ. "ಇದರ ಬಗ್ಗೆ ನಾನೇನೂ ಬರೆಯೋದಿಲ್ಲ. ನೀವೂ ಬರೀಬೇಡಿ." ಹೇಳಿದವನೇ ಚಹಾದ ಮೇಜಿನತ್ತ ದಾಪುಗಾಲು ಹಾಕಿದ.

ನಾನ್ಯಾಕೆ ಬರೆಯಲಿ?

ಪಾಲುಪಿ ಅವನ ಪೆಟ್ಟಿಗೆಯ ಮುಂದೆ ನಿಂತಳು. ಬಾಂಡುಂಗ್‌ನಿಂದ ಬಂದದ್ದು, ಮೆಡಾನ್‌ನಿಂದ ಬಂದದ್ದು. ನಂತರ ಮೂರನೆಯ ಪೆಟ್ಟಿಗೆ. ನಾಲ್ಕನೆಯದು. ಐದನೆಯದು. ಇಡೀ ಸಭಾಂಗಣದಲ್ಲಿ ಒಂದೇ ಒಂದು ‘ಜಿ’ಗೂ ಬಾಲವಿರಲಿಲ್ಲ.

ಯಾರಿಗೂ ಹೇಳಬಾರದೆಂದು ಅವಳು ಅಲ್ಲೇ ನಿರ್ಧರಿಸಿದಳು. ಉಳಿದ ನಾಲ್ವರೂ ಆಗಲೇ ಹಾಗೆ ನಿರ್ಧರಿಸಿ, ಒಂದೇ ಮೇಜಿನ ಸುತ್ತ ಚಹಾ ಕುಡಿಯುತ್ತ, ಅವಳಿಗಾಗಿ ಒಂದು ಕುರ್ಚಿ ಖಾಲಿ ಬಿಟ್ಟಿದ್ದರು.